ಸರಳತೆಯಲ್ಲಿ ಸಾಮರ್ಥ್ಯವನ್ನು ಕಂಡ ವಿದುಷಿ: ರಾಜೇಶ್ವರಿ ಚಟರ್ಜಿ

ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಮಾನ್ಯರಾದ ಶ್ರೀಮತಿ ರಾಜೇಶ್ವರಿ ಚಟರ್ಜಿಯವರ ಜೀವನವು ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಸಮಾನವಾಗಿ ಮನನೀಯವಾದುದು. ಕಣ್ಣಿಗೆ ಕಾಣದ ರೇಡಿಯೋ ತರಂಗಗಳನ್ನು ಬೇಕಾದ ದಿಕ್ಕಿಗೆ, ಬೇಕಾದಷ್ಟೇ ಹರವಿನಲ್ಲಿ ಕಳುಹಿಸುವ ಆಂಟೆನಾ ಶಾಸ್ತ್ರವೇ ಅವರ ಬಾಳಿನ ತಪಸ್ಸಾಗಿತ್ತು.

ಅವರ ಜನನ 1922ರ ಜನವರಿ 24ರಂದು. ಅಜ್ಜಿ ಕಮಲಮ್ಮ ದಾಸಪ್ಪನವರು ಹಿಂದಿನ ಮೈಸೂರು ಸಂಸ್ಥಾನದ ಮೊತ್ತಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ ಮತ್ತು ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದವರು. ಅಂತಹ ಮನೆತನದ ಸಂಸ್ಕಾರದಲ್ಲಿ ಬೆಳೆದ ಬಾಲಕಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ವ್ಯಾಸಂಗ ಮಾಡಿ, ಬಹುಮಾನಗಳೊಡನೆ ಎಂ.ಎಸ್‌ಸಿ. ಪದವಿಯನ್ನು ಪಡೆದರು. ಸರ್ ಸಿ.ವಿ. ರಾಮನ್ನರ ಬಳಿ ಸಂಶೋಧನೆ ಮಾಡಬೇಕೆಂಬ ಅವರ ಅಪೇಕ್ಷೆಯು, ಭೌತಶಾಸ್ತ್ರದ ಪದವಿಯಿಲ್ಲವೆಂಬ ಕಾರಣದಿಂದ ಕೈಗೂಡಲಿಲ್ಲವೆಂದು ಬರೆದವರುಂಟು. ಅವರು ಎದೆಗುಂದಲಿಲ್ಲ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿದರು. ಗಣಿತದ ಬಲವೊಂದನ್ನೇ ಬುತ್ತಿಯಾಗಿ ಕಟ್ಟಿಕೊಂಡು ಸಂಪರ್ಕಶಾಸ್ತ್ರದ ಹಾದಿ ಹಿಡಿದರು.

ಹೆಣ್ಣುಮಕ್ಕಳು ಉನ್ನತ ವ್ಯಾಸಂಗಕ್ಕೆ ಸಮುದ್ರ ದಾಟುವುದು ಅಪರೂಪವಾಗಿದ್ದ ಆ ಕಾಲದಲ್ಲಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕಕ್ಕೆ ತೆರಳಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿ, ಬಳಿಕ ಡಾಕ್ಟರೇಟ್, ಇಷ್ಟನ್ನೂ ಸಾಧಿಸಿ 1953ರಲ್ಲಿ ತಾಯ್ನಾಡಿಗೆ ಮರಳಿದರು. ಅದೇ ವರ್ಷ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರ ಕೈಹಿಡಿದರು. ದಂಪತಿಗಳು ಕೂಡಿ ಸೂಕ್ಷ್ಮತರಂಗ ಸಂಶೋಧನಾಲಯವನ್ನು ಕಟ್ಟಿ ಬೆಳೆಸಿದರು.

ಅವರು ಕೈಗೊಂಡ ಕಾರ್ಯದ ಮಹತ್ವವನ್ನು ತಿಳಿಯಲು ಆಂಟೆನಾದ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಒಂಟಿ ಡೈಪೋಲ್ ಎಂಬುದು ಬಯಲಲ್ಲಿಟ್ಟ ಹಣತೆಯಂತೆ. ಅದರ ಶಕ್ತಿ ಹಲವು ದಿಕ್ಕುಗಳಿಗೆ ಹರಡಿಹೋಗುತ್ತದೆ. ಅಂತಹ ಹಲವನ್ನು ಸಾಲಾಗಿ ನಿಲ್ಲಿಸಿ, ಅವುಗಳ ತರಂಗಗಳ ಹೆಜ್ಜೆಯನ್ನು ಹೊಂದಿಸಿದರೆ, ಒಂದು ದಿಕ್ಕಿನಲ್ಲಿ ಅಲೆಗಳು ಕೂಡಿ ಬಲಿಯುತ್ತವೆ, ಉಳಿದೆಡೆ ಪರಸ್ಪರ ಅಳಿಯುತ್ತವೆ. ಸಾಲು ಉದ್ದವಾದಷ್ಟೂ ವಿಕಿರಣಪುಂಜ ಮೊನಚಾಗುತ್ತದೆ. ಆದರೆ ಪ್ರತಿಯೊಂದಕ್ಕೂ ತಂತಿ ಬೇಕು, ತಕ್ಕ ಪ್ರಮಾಣದ ವಿದ್ಯುತ್ತು ಬೇಕು. ಹೊಂದಾಣಿಕೆ ತಪ್ಪಿದರೆ ಶಕ್ತಿಯು ಪಕ್ಕದ ಕಿರುಪುಂಜಗಳಾಗಿ ಸೋರಿಹೋಗುತ್ತದೆ. 1970ರ ದಶಕದಲ್ಲಿ ಗೌರಿಬಿದನೂರಿನಲ್ಲಿ ಎದ್ದುನಿಂತ ರೇಡಿಯೋ ದೂರದರ್ಶಕದಲ್ಲಿ 1000 ಡೈಪೋಲುಗಳಿದ್ದವು. ಬಯಲನ್ನೆಲ್ಲ ತುಂಬದೆ ಅವನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ್ದರಿಂದಲೇ ಸಂಖ್ಯೆ ಅಷ್ಟಕ್ಕೆ ನಿಂತಿತು. ಕಡಿಮೆ ಸಾಮಗ್ರಿಯಿಂದ ಮೊನಚಾದ ಪುಂಜವನ್ನು ಪಡೆಯುವುದು ಹೇಗೆಂಬುದೇ ಈ ಶಾಸ್ತ್ರದ ನಿತ್ಯಪ್ರಶ್ನೆ.

ಅಲೆಯುದ್ದವು ಕೆಲವೇ ಸೆಂಟಿಮೀಟರುಗಳಷ್ಟಿರುವ ಸೂಕ್ಷ್ಮತರಂಗಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಉತ್ತರವುಂಟು. ಟೊಳ್ಳು ಲೋಹನಾಳದ ಬಾಯಿಗೆ ವಿದ್ಯುದ್ರೋಧಕ ವಸ್ತುವಿನ ಒಂದು ಕಡ್ಡಿಯನ್ನು ಸಿಕ್ಕಿಸಿದರೆ, ತರಂಗವು ಅದರ ಮೈಗುಂಟ ಸಾಗುತ್ತ ವಿಕಿರಣ ಸೂಸುತ್ತದೆ. ಆ ಒಂದು ಕಡ್ಡಿಯೇ, ಬಿಡಿ ತಂತಿಗಳ ಹಂಗಿಲ್ಲದೆ, ಅಸಂಖ್ಯ ಆಂಟೆನಾಗಳ ಎಡೆಬಿಡದ ಸಾಲಿನಂತೆ ವರ್ತಿಸುತ್ತದೆ. ಆದರೆ ತಂತಿಗಳು ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಕಡ್ಡಿಯ ಗಾತ್ರ, ಉದ್ದ, ಕಿರಿದಾಗುವ ತುದಿಗಳೇ ಮಾಡಬೇಕು. ಉದ್ದವು ಯುಕ್ತವಾದ ಮಿತಿಯನ್ನು ಮೀರಿದರೆ ಪ್ರಧಾನಪುಂಜ ಕುಗ್ಗಿ ಕಿರುಪುಂಜಗಳು ಬೆಳೆಯುತ್ತವೆ. ಆದ್ದರಿಂದ ಉಪಕರಣ ಸರಳವಾದಷ್ಟೂ ಅದರ ಗಣಿತ ಕಠಿಣವಾಗುತ್ತದೆ. ಇಂತಹ ಕಡ್ಡಿಗಳು ಮೊದಲೇ ಬಳಕೆಯಲ್ಲಿದ್ದವು. ಅವುಗಳ ಒಳಹೊರಗಿನ ತರಂಗಕ್ಷೇತ್ರವನ್ನು ಸಮೀಕರಣಗಳಲ್ಲಿ ಹಿಡಿದು, ಪ್ರಯೋಗದ ಅಳತೆಯೊಡನೆ ತೂಗಿನೋಡುವ ಕಾರ್ಯದಲ್ಲಿ ದಂಪತಿಗಳೂ ಅವರ ಶಿಷ್ಯರೂ ದೀರ್ಘಕಾಲ ನಿರತರಾದರು. ಹಿಂದೆ ಕೊರತೆಯೆನಿಸಿದ್ದ ಗಣಿತದ ಪದವಿಯೇ ಇಲ್ಲಿ ಅವರಿಗೆ ಊರುಗೋಲಾಯಿತು.

ನೂರಕ್ಕೂ ಮಿಕ್ಕ ಸಂಶೋಧನ ಲೇಖನಗಳು, ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದ ಇಪ್ಪತ್ತು ಮಂದಿ ಶಿಷ್ಯರು, ಆಂಟೆನಾ ಮತ್ತು ಸೂಕ್ಷ್ಮತರಂಗಗಳನ್ನು ಕುರಿತ ಪಠ್ಯಗ್ರಂಥಗಳು ಅವರ ಶ್ರಮಕ್ಕೆ ಸಾಕ್ಷಿ. ಉತ್ತಮ ಲೇಖನಕ್ಕಾಗಿ ಬ್ರಿಟನ್ನಿನ ಮೌಂಟ್‌ಬ್ಯಾಟನ್ ಬಹುಮಾನ ಅವರಿಗೆ ಸಂದಿತು. ವಿಭಾಗದ ಮುಖ್ಯಸ್ಥೆಯಾಗಿಯೂ ದುಡಿದು 1982ರಲ್ಲಿ ನಿವೃತ್ತರಾದರು. ಅನಂತರವೂ ವಿಶ್ರಾಂತಿಯನ್ನು ಬಯಸದೆ, ಅಜ್ಜಿ ಹಿಡಿದ ಹಾದಿಯನ್ನೇ ಹಿಡಿದು ಸ್ತ್ರೀಯರ ಅಭ್ಯುದಯದ ಕಾರ್ಯಗಳಲ್ಲಿ ತೊಡಗಿದರು. ಮಗಳು ಇಂದಿರಾ ಸಹ ಅಮೆರಿಕದಲ್ಲಿ ಇದೇ ವಿದ್ಯಾಕ್ಷೇತ್ರದ ಪ್ರಾಧ್ಯಾಪಕಿಯಾದರು. 2010ರ ಸೆಪ್ಟೆಂಬರ್ 3ರಂದು ರಾಜೇಶ್ವರಿಯವರು ದಿವಂಗತರಾದರು.

ಶಕ್ತಿಯನ್ನು ಎಲ್ಲೆಡೆ ಚೆಲ್ಲದೆ ಒಂದು ದಿಕ್ಕಿಗೆ ತಿರುಗಿಸುವುದು ಅವರ ಶಾಸ್ತ್ರದ ಸಾರ. ಅವರ ಬಾಳಿನ ಸಾರವೂ ಅದೇ. ಮುಚ್ಚಿದ ಬಾಗಿಲ ಮುಂದೆ ನಿಂತು ಕಾಲ ಕಳೆಯದೆ, ತಮ್ಮಲ್ಲಿದ್ದ ಒಂದು ವಿದ್ಯೆಯನ್ನೇ ತಿದ್ದಿ ತೀಡಿ ಅವರು ದೂರದವರೆಗೆ ಬೆಳಕು ಬೀರಿದರು. ಸಾಲಿಗ್ರಾಮದಂತಹ ಊರಿನ ಶಾಲೆಯಲ್ಲಿ ಸಲಕರಣೆಗಳು ಕಡಿಮೆಯಿರಬಹುದು. ಆದರೆ ಗಣಿತದಲ್ಲಿ ಮನಸ್ಸಿಟ್ಟ ಬಾಲಕಿಯೊಬ್ಬಳನ್ನು ಗುರುತಿಸಿ ಓದಿಗೆ ಒತ್ತಾಸೆಯಾದರೆ, ಅದೇ ಆ ವಿದುಷಿಗೆ ಸಲ್ಲುವ ಯೋಗ್ಯವಾದ ಸ್ಮರಣೆ.