ಕಲ್ಯಾಣದ ಭಂಡಾರಿ ಬಸವಣ್ಣನವರು

ಹೈದರಾಬಾದಿನ ಕನ್ನಡಿಗರಿಗೆ ಬಸವಕಲ್ಯಾಣ ದೂರದ ಊರೇನಲ್ಲ. ಮುಂಬಯಿ ಹೆದ್ದಾರಿಯಲ್ಲಿ ಹುಮನಾಬಾದಿನ ಆಚೆಗೆ, ಇಲ್ಲಿಂದ ಸುಮಾರು 180 ಕಿ.ಮೀ. ದೂರದಲ್ಲಿರುವ ಆ ಪಟ್ಟಣ 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. 12ನೆಯ ಶತಮಾನದಲ್ಲಿ ಅಲ್ಲಿ ಬೊಕ್ಕಸವನ್ನು ಕಾಯ್ದ ಬಸವಣ್ಣನವರನ್ನು ಲೋಕ ಭಕ್ತಿಭಂಡಾರಿಯೆಂದು ಪೂಜಿಸುತ್ತದೆ. ಬ್ಯಾಂಕಿನ ಉದ್ಯೋಗಿಗಳಾದ ನಮಗೆ ಅವರು ಹಣದ ಭಂಡಾರಿಯಾಗಿಯೂ ಪೂಜ್ಯರು.

ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರ ಮಗನಾದ ಅವರು ಎಳವೆಯಲ್ಲಿಯೇ ಮನೆ ತೊರೆದು ಕೂಡಲಸಂಗಮದಲ್ಲಿ ವಿದ್ಯೆ ಕಲಿತರು. ಅನಂತರ ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆದರು; ಮುಂದೆ ಭಂಡಾರದ ಅಧಿಕಾರವೇ ಅವರ ಪಾಲಿಗೆ ಬಂದಿತು. ಹಣದ ನಡುವೆ ಇದ್ದೂ ಅವರು ಸಂನ್ಯಾಸವನ್ನು ಬಯಸಲಿಲ್ಲ. ದುಡಿಮೆಯನ್ನೇ ಕಾಯಕವೆಂದು, ಗಳಿಕೆಯನ್ನು ಸಮಾಜಕ್ಕೆ ಸಲ್ಲಿಸುವುದನ್ನು ದಾಸೋಹವೆಂದು ಎತ್ತಿಹಿಡಿದರು. ದೇವರನ್ನೇ ಭೂಮಿಯ ಮೇಲೆ ಅಂಗಡಿ ಹರಡಿ ಕುಳಿತ ಸೆಟ್ಟಿಯಾಗಿ ಕಂಡ ವಚನವೊಂದನ್ನು ಅವರು ರಚಿಸಿದ್ದಾರೆ. ಎರಡು ಮನಸ್ಸಿನಿಂದ ಬಂದವರೊಡನೆ ಆ ಸೆಟ್ಟಿ ಮಾತನ್ನೇ ಆಡುವುದಿಲ್ಲ. ವ್ಯಾಪಾರ, ಕಾವ್ಯ, ಭಕ್ತಿ ಮೂರೂ ಅಲ್ಲಿ ಒಂದಾಗಿವೆ.

ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಮೇದಾರರೆಲ್ಲ ತಮ್ಮ ತಮ್ಮ ಕಸುಬಿನ ಮಾತಿನಲ್ಲಿಯೇ ಶಿವನನ್ನು ನುಡಿದರು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದಳಂತೆ. ಗಳಿಕೆಗೂ ಒಂದು ಮಿತಿಯುಂಟೆಂಬುದನ್ನು ಆ ಬಡ ದಂಪತಿಗಳು ಅರಿತಿದ್ದರು.

ಬಸವಣ್ಣನವರ ಮೇಲೆ ರಾಜಧನವನ್ನು ಜಂಗಮರಿಗೆ ಹಂಚಿದರೆಂಬ ದೂರು ಬಂದಿತು. ಲೆಕ್ಕವನ್ನು ಪರಿಶೀಲಿಸಿದಾಗ ಒಂದಿಷ್ಟೂ ಕೊರತೆ ಕಾಣಲಿಲ್ಲವೆಂದು ಪುರಾಣಗಳು ಹೇಳುತ್ತವೆ. ತೆಲಂಗಾಣದ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣವನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದನು. ಇದನ್ನು ಪವಾಡವೆಂದು ನಂಬುವುದೂ ಬಿಡುವುದೂ ಅವರವರ ಇಚ್ಛೆ. ಕೇಳಿದೊಡನೆ ಲೆಕ್ಕ ತೋರಿಸಲು ಸಿದ್ಧನಿರುವುದೇ ಭಂಡಾರಿಯ ಪೂಜೆಯೆಂಬ ಅರ್ಥವನ್ನು ನಾವು ಅದರಲ್ಲಿ ಕಾಣುತ್ತೇವೆ.

ಕೊನೆಗೆ ಅವರು ಕಲ್ಯಾಣವನ್ನು ಬಿಡಬೇಕಾಗಿ ಬಂದದ್ದು ಹಣದ ಕಾರಣದಿಂದಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ಜಾತಿ ಕಟ್ಟಿದ ಸಮಾಜ ಸಹಿಸಲಿಲ್ಲ. ಆ ತಂದೆಯರಿಬ್ಬರಿಗೂ ಘೋರ ಶಿಕ್ಷೆಯಾಯಿತು. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಅಧಿಕಾರ ಹೋಯಿತು, ನಡೆನುಡಿಯ ಲೆಕ್ಕ ಮಾತ್ರ ತಪ್ಪಲಿಲ್ಲ.

ಹಿಂದೊಮ್ಮೆ, ವರ್ಷಾಂತ್ಯದ ಗುರಿ ಮುಟ್ಟುವ ಅವಸರದಲ್ಲಿ, ವೃದ್ಧ ಪಿಂಚಣಿದಾರರೊಬ್ಬರಿಗೆ ಅವರಿಗೆ ಬೇಡದ ವಿಮೆಯೊಂದನ್ನು ನಾವು ಒಪ್ಪಿಸಿದ್ದೆವು. ಅಂದು ಸಂಜೆ ನಗದು ಪೈಸೆ ಪೈಸೆಗೂ ತಾಳೆಯಾಗಿತ್ತು, ಮನಸ್ಸು ತಾಳೆಯಾಗಲಿಲ್ಲ. ಮರುದಿನವೇ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಅದನ್ನು ರದ್ದು ಮಾಡಿಸಿ ಹಣವನ್ನು ಮರಳಿಸಿದೆವು.

ಓದುಗ ಬಾಂಧವರು ಮುಂದಿನ ರಜೆಯಲ್ಲಿ ಮಕ್ಕಳೊಡನೆ ಬಸವಕಲ್ಯಾಣಕ್ಕೆ ಹೋಗಿಬರಬೇಕೆಂಬುದು ನಮ್ಮ ಬಿನ್ನಹ. ಅಲ್ಲೊಬ್ಬ ಲೆಕ್ಕಿಗರೂ ಇದ್ದರೆಂಬುದನ್ನು ಮಕ್ಕಳಿಗೆ ತಿಳಿಸಲು ಮರೆಯದಿರಿ.