ಅಣ್ಣಾ ಸಾಳುಂಕೆ: ಮೂಕಿಚಿತ್ರದ ಮೊದಲ ತಾರಾಮತಿ

ಭಾರತೀಯ ಚಲನಚಿತ್ರದ ಆರಂಭಕಾಲವನ್ನು ಕುರಿತ ಬರೆಹಗಳಲ್ಲಿ ದಾದಾಸಾಹೇಬ್ ಫಾಲ್ಕೆಯವರಿಗೆ ಕೇಂದ್ರಸ್ಥಾನ ದೊರೆತಿರುವುದು ಸಹಜವೇ ಆಗಿದೆ. ಆದರೆ ಅವರ ಚಿತ್ರಗಳಲ್ಲಿ ತಮ್ಮ ಮೈಯನ್ನೇ ಮಾಧ್ಯಮವಾಗಿಸಿಕೊಂಡು ದುಡಿದವರ ಬದುಕು ಬಹುಮಟ್ಟಿಗೆ ಅಡಿಟಿಪ್ಪಣಿಗಳಲ್ಲಿಯೇ ಉಳಿದಿದೆ. ಅಂಥವರಲ್ಲಿ ಅಣ್ಣಾ ಹರಿ ಸಾಳುಂಕೆಯವರು ಮುಖ್ಯರು. ತಾರಾಮತಿಯಾಗಿ, ಸೀತೆಯಾಗಿ, ರಾಮನಾಗಿ ತೆರೆಯ ಮೇಲೆ ಕಾಣಿಸಿಕೊಂಡ ಅವರ ವೃತ್ತಿಜೀವನವು, ಹೆಣ್ಣನ್ನು ಸಾರ್ವಜನಿಕವಾಗಿ ಯಾರು ಪ್ರತಿನಿಧಿಸಬೇಕು ಎಂಬ ಪ್ರಶ್ನೆಯೊಂದಿಗೆ ತಳುಕು ಹಾಕಿಕೊಂಡಿದೆ.

1912ರಲ್ಲಿ ಲಂಡನ್ನಿಗೆ ಹೋಗಿ ಚಿತ್ರೀಕರಣದ ತಂತ್ರವನ್ನು ಅರಿತು ಮರಳಿದ ಫಾಲ್ಕೆಯವರು, ಮುಂಬಯಿಯ ದಾದರ್‌ನಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರದ ಸಿದ್ಧತೆಗೆ ತೊಡಗಿದರು. ಪತ್ನಿ ಸರಸ್ವತೀಬಾಯಿಯವರು ಒಡವೆಗಳನ್ನು ಅಡವಿಟ್ಟು ಹಣ ಹೊಂದಿಸಿದರು. ಹರಿಶ್ಚಂದ್ರನ ಪಾತ್ರಕ್ಕೆ ದತ್ತಾತ್ರೇಯ ದಾಮೋದರ ದಾಬ್ಕೆ ದೊರೆತರು. ರೋಹಿತಾಶ್ವನ ಪಾತ್ರವನ್ನು ಫಾಲ್ಕೆಯವರ ಮಗ ಭಾಲಚಂದ್ರನೇ ವಹಿಸಿದನು. ಆದರೆ ತಾರಾಮತಿ ಮಾತ್ರ ದೊರೆಯಲಿಲ್ಲ. ಕ್ಯಾಮೆರಾದ ಮುಂದೆ ನಿಲ್ಲುವುದನ್ನು ಅಂದಿನ ಸಮಾಜ ಹೆಣ್ಣಿನ ಮಾನದ ಪ್ರಶ್ನೆಯಾಗಿ ಕಂಡಿತ್ತು. ಫಾಲ್ಕೆಯವರು ವೇಶ್ಯಾವಾಟಿಕೆಗಳಲ್ಲಿಯೂ ವಿಚಾರಿಸಿದರು. ಅಲ್ಲಿಯೂ ಫಲ ಸಿಗಲಿಲ್ಲ. ಕಡೆಗೆ ಗ್ರಾಂಟ್ ರೋಡಿನ ಉಪಾಹಾರಗೃಹವೊಂದರಲ್ಲಿ ಅಡುಗೆ ಕೆಲಸದಲ್ಲಿದ್ದ ಸಾಳುಂಕೆಯವರ ಸಣಕಲು ಮೈಕಟ್ಟು, ನಾಜೂಕಾದ ಕೈಗಳು ಅವರ ಕಣ್ಣಿಗೆ ಬಿದ್ದವು. ತಿಂಗಳಿಗೆ 10 ರೂಪಾಯಿ ಸಂಬಳ ಪಡೆಯುತ್ತಿದ್ದ ಯುವಕನಿಗೆ ಫಾಲ್ಕೆ 15 ರೂಪಾಯಿ ಕೊಡಲು ಒಪ್ಪಿದರು. ಹೀಗೆ ಐದು ರೂಪಾಯಿಯ ಹೆಚ್ಚಳದಿಂದ ಅಡುಗೆಯವರೊಬ್ಬರು ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರದ ನಾಯಕಿಯಾದರು.

ಗಂಡಸರು ಸ್ತ್ರೀಪಾತ್ರ ವಹಿಸುವುದು ಅಂದಿನ ಪ್ರೇಕ್ಷಕರಿಗೆ ಹೊಸದಾಗಿರಲಿಲ್ಲ. ಯಕ್ಷಗಾನದ ಸ್ತ್ರೀವೇಷದ ಪರಂಪರೆ ಕನ್ನಡನಾಡಿನಲ್ಲಿ ಬಲವಾಗಿತ್ತು. ಉತ್ತರ ಕನ್ನಡದ ಭಾಗವತ ಮೇಳದ ಪ್ರದರ್ಶನದಿಂದ ಪ್ರೇರಣೆ ಪಡೆದು 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಆರಂಭಿಸಿದ ಮರಾಠಿ ರಂಗಭೂಮಿಯಲ್ಲಿಯೂ ಇದೇ ಪದ್ಧತಿ ಮುಂದುವರಿಯಿತು. ಸಾಳುಂಕೆಯವರು ತೆರೆಗೆ ಬಂದ 1913ರಲ್ಲಿಯೇ ಸ್ತ್ರೀಪಾತ್ರಗಳಿಗೆ ಹೆಸರಾದ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿ ಸ್ಥಾಪನೆಯಾದುದು ಗಮನಾರ್ಹ. ಆದರೆ ಇಬ್ಬರ ನಡುವಣ ಅಂತರವನ್ನು ಮರೆಯುವಂತಿಲ್ಲ. ಬಾಲಗಂಧರ್ವರಿಗೆ ಸಂಗೀತದ ಶಿಕ್ಷಣವಿತ್ತು. ರಂಗಭೂಮಿಯ ಸ್ತ್ರೀಪಾತ್ರ ಕಂಠದಿಂದಲೇ ಅರ್ಧ ಗೆಲ್ಲುತ್ತಿತ್ತು. ಮೂಕಿಚಿತ್ರಕ್ಕೆ ಕಂಠ ಬೇಕಿರಲಿಲ್ಲ. ಮುಖ, ಕೈ, ನಡಿಗೆಗಳೇ ಸಾಕಾಗಿದ್ದವು. ಆದ್ದರಿಂದಲೇ ರಂಗಭೂಮಿಯ ಹಿನ್ನೆಲೆಯಿಲ್ಲದ ಶ್ರಮಿಕನೊಬ್ಬನಿಗೆ ಈ ಮಾಧ್ಯಮದ ಬಾಗಿಲು ತೆರೆಯಿತು.

ಆದರೂ ದಾರಿ ಸುಗಮವಾಗಿರಲಿಲ್ಲ. ತಂದೆ ತೀರಿಕೊಂಡಾಗ ಮಾತ್ರ ಮೀಸೆ ತೆಗೆಯಬೇಕೆಂಬ ನಂಬಿಕೆಯಿಂದ ಸ್ತ್ರೀಪಾತ್ರಧಾರಿಗಳು ಮೀಸೆ ಬೋಳಿಸಲು ಹಿಂಜರಿದರೆಂಬ ಸಂಗತಿ ಪ್ರಸಿದ್ಧವಾಗಿದೆ. ಚಿತ್ರದಲ್ಲಿ ದುಡಿಯುವುದಕ್ಕೆ ಗೌರವವಿಲ್ಲದಿದ್ದುದರಿಂದ, ಕೇಳಿದವರಿಗೆ ಹರಿಶ್ಚಂದ್ರನ ಕಾರ್ಖಾನೆಯಲ್ಲಿ ಕೆಲಸವೆಂದು ಹೇಳುವಂತೆ ಫಾಲ್ಕೆ ಕಲಾವಿದರಿಗೆ ಸೂಚಿಸಿದ್ದರು. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಚಿತ್ರ ಬಿಡುಗಡೆಯಾಯಿತು. ಇಂದು ಉಳಿದಿರುವ ತುಣುಕುಗಳು ಆ ಮೂಲಚಿತ್ರದವೋ, 1917ರ ಮರುನಿರ್ಮಾಣದವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಎರಡರಲ್ಲಿಯೂ ತಾರಾಮತಿ ಸಾಳುಂಕೆಯವರೇ. ಸಖಿಯರೊಡನೆ ತಾರಾಮತಿ ಜಲಕ್ರೀಡೆಯಾಡುವ ದೃಶ್ಯದಲ್ಲಿ ಒದ್ದೆ ಸೀರೆಯುಟ್ಟವರೆಲ್ಲರೂ ಗಂಡಸರೇ ಆಗಿದ್ದಾರೆ.

ಅದೇ 1913ರಲ್ಲಿ ಫಾಲ್ಕೆಯವರ ‘ಮೋಹಿನಿ ಭಸ್ಮಾಸುರ’ ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಹಾಗೂ ಅವರ ಮಗಳು ಕಮಲಾಬಾಯಿ ನಟಿಸಿದರು. ಹೆಣ್ಣು ತೆರೆಗೆ ಬಂದಾಗಿತ್ತು. ಹೀಗಿದ್ದರೂ ನಾಲ್ಕು ವರ್ಷಗಳ ಅನಂತರ, 1917ರ ‘ಲಂಕಾದಹನ’ದಲ್ಲಿ ಸೀತೆಯ ಪಾತ್ರ ಮತ್ತೆ ಸಾಳುಂಕೆಯವರ ಪಾಲಿಗೆ ಬಂದಿತು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಕಲಾವಿದೆಯೊಬ್ಬಳ ಪ್ರವೇಶದಿಂದ ಹಳೆಯ ಪದ್ಧತಿ ಒಮ್ಮೆಲೇ ಕಳಚಿ ಬೀಳಲಿಲ್ಲ, ಎರಡೂ ಜೊತೆಜೊತೆಯಾಗಿಯೇ ಸಾಗಿದವು.

‘ಲಂಕಾದಹನ’ದಲ್ಲಿ ಸಾಳುಂಕೆಯವರು ಸೀತೆಯಷ್ಟೇ ಅಲ್ಲ, ರಾಮನೂ ಆಗಿದ್ದರು. ಭಾರತೀಯ ಚಿತ್ರರಂಗದ ಮೊದಲ ದ್ವಿಪಾತ್ರಾಭಿನಯವೆಂದು ಇದನ್ನು ಗುರುತಿಸಲಾಗುತ್ತದೆ. ಹನುಮಂತನಾಗಿ ಗಣಪತ್ ಶಿಂಧೆ ನಟಿಸಿದ್ದರು. ಚಿತ್ರ ಅಪಾರ ಯಶಸ್ಸು ಗಳಿಸಿತು. ತೆರೆಯ ಮೇಲೆ ರಾಮ ಮೂಡಿದೊಡನೆ ಪ್ರೇಕ್ಷಕರು ಪಾದರಕ್ಷೆಗಳನ್ನು ಕಳಚುತ್ತಿದ್ದರೆಂಬ ಪ್ರತೀತಿಯಿದೆ. ಸೀತೆಯ ತೋಳಿನ ಸ್ನಾಯುಗಳು ಸೆರಗಿನಾಚೆ ಎದ್ದು ಕಾಣುತ್ತಿದ್ದುದನ್ನು ನಂತರದ ಕಾಲದವರು ವಿನೋದವಾಗಿ ನೆನೆಯುವುದುಂಟು. ಆದರೆ ಅಂದಿನ ಪ್ರೇಕ್ಷಕರ ಭಕ್ತಿಗೆ ಅದು ಅಡ್ಡಿಯಾಗಲಿಲ್ಲ. ವೇಷವನ್ನು ವೇಷವೆಂದು ಬಲ್ಲ ಪ್ರೇಕ್ಷಕ, ಅದರಾಚೆಗಿನ ಪಾತ್ರಕ್ಕೆ ಕೈಮುಗಿಯುವುದು ನಮ್ಮ ಜನಪದ ರಂಗಪರಂಪರೆಗಳಲ್ಲಿ ರೂಢವಾಗಿರುವ ನೋಟಕ್ರಮ. ಮೂಕಿಚಿತ್ರ ಅದನ್ನೇ ಬಳುವಳಿಯಾಗಿ ಪಡೆಯಿತು. ಆದರೆ ಈ ನೋಟಕ್ರಮದ ಇನ್ನೊಂದು ಮುಖವನ್ನೂ ಗಮನಿಸಬೇಕು. ಗಂಡೂ ಹೆಣ್ಣೂ ಒಂದೇ ಗಂಡುಮೈಯಲ್ಲಿ ಸಲ್ಲುವುದಾದರೆ ಹೆಣ್ಣಿನ ಗೈರುಹಾಜರಿ ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ. ಸಾಳುಂಕೆಯವರ ಯಶಸ್ಸಿನಲ್ಲಿ ಈ ವೈರುಧ್ಯ ಅಡಗಿದೆ.

1918ರಲ್ಲಿ ಫಾಲ್ಕೆಯವರು ಪಾಲುದಾರರೊಡನೆ ನಾಸಿಕದಲ್ಲಿ ಹಿಂದೂಸ್ತಾನ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಇಪ್ಪತ್ತರ ದಶಕದಲ್ಲಿ ಸಾಳುಂಕೆಯವರು ಅಲ್ಲಿ ಛಾಯಾಗ್ರಾಹಕರಾಗಿ ದುಡಿದರು. ಕ್ಯಾಮೆರಾದ ಮುಂದೆ ನೋಟಕ್ಕೆ ಒಳಗಾಗಿದ್ದ ವ್ಯಕ್ತಿ ಕ್ಯಾಮೆರಾದ ಹಿಂದೆ ನಿಂತು ನೋಡುವವರಾದರು. 1931ರಲ್ಲಿ ‘ಆಲಂ ಆರಾ’ದೊಂದಿಗೆ ಮಾತು ಬಂದ ಮೇಲೆ ಮೂಕಿಚಿತ್ರದ ಯುಗವೇ ಹಿಂದೆ ಸರಿಯಿತು.

ಅಡುಗೆಮನೆಯಿಂದ ತೆರೆಗೆ, ತೆರೆಯಿಂದ ಕ್ಯಾಮೆರಾದ ಹಿಂಬದಿಗೆ ಸಾಗಿದ ಈ ಬದುಕನ್ನು ಕೇವಲ ಕುತೂಹಲದ ಸಂಗತಿಯಾಗಿ ಕಾಣುವುದು ಸರಿಯಲ್ಲ. ಬಾಯಿಲ್ಲದ ಚಿತ್ರಗಳಲ್ಲಿ ಸಾಳುಂಕೆಯವರು ತಾರಾಮತಿಯ ಸಂಕಟವನ್ನೂ ಸೀತೆಯ ಸೆರೆವಾಸವನ್ನೂ ತಮ್ಮ ಮೈಯಲ್ಲಿ ಹೊತ್ತು ತೋರಿಸಿದರು. ಆ ಸಂಕಟವನ್ನು ಹೆಣ್ಣೇ ತೋರಿಸಲು ಸಮಾಜ ಬಿಡದಿದ್ದ ಕಾಲದ ಸಾಕ್ಷಿಯಾಗಿಯೂ, ಒಬ್ಬ ಶ್ರಮಿಕನ ಸಾಧನೆಯಾಗಿಯೂ ಅವರ ಅಭಿನಯವನ್ನು ಒಟ್ಟಿಗೇ ಓದಬೇಕಾಗಿದೆ.