ಕಲಿಯುವವರಿಗಾಗಿ ಒಂದು ಭಾಷೆ: ಜಾನ್ ಕೆಮೆನಿ

ಗಣಕದ ಪಾಠಕ್ಕೆ ಎಲ್ಲರೂ ಬಳಸುವ ಪ್ರೋಗ್ರಾಮಿಂಗ್ ಭಾಷೆಯನ್ನು ಆರಿಸಬೇಕೇ, ಹೊಸದನ್ನೇ? ಶಿಕ್ಷಕರಾಗಿ ಈ ಪ್ರಶ್ನೆಯನ್ನು ಎರಡು ಬಾರಿ ಎದುರಿಸಿದವರು ಜಾನ್ ಕೆಮೆನಿ.

1926ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಅವರು 1940ರಲ್ಲಿ ಅಮೆರಿಕ ಸೇರಿದರು. ಪ್ರಿನ್ಸ್‌ಟನ್‌ನಲ್ಲಿ ಗಣಿತ ಓದಿ, ಕೆಲಕಾಲ ಐನ್‌ಸ್ಟೈನ್ ಅವರ ಗಣಿತ ಸಹಾಯಕರಾಗಿದ್ದರು. 1953ರಲ್ಲಿ ಡಾರ್ಟ್‌ಮತ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು.

ಅಲ್ಲಿನ ಹೆಚ್ಚಿನ ವಿದ್ಯಾರ್ಥಿಗಳು ವಿಜ್ಞಾನದವರಲ್ಲ. ಅವರಿಗೂ ಗಣಕ ತಿಳಿದಿರಬೇಕೆಂಬುದು ಕೆಮೆನಿ ಅವರ ಹಟ. ಆಗ ಜನಪ್ರಿಯವಾಗಿದ್ದ ಭಾಷೆ ಫೋರ್ಟ್ರಾನ್. ಅದನ್ನೇ ಸರಳಗೊಳಿಸಿದರೆ ಸಾಲದೇ ಎಂದು ಸಹೋದ್ಯೋಗಿ ಥಾಮಸ್ ಕರ್ಟ್ಜ್ ಮೊದಲು ಯೋಚಿಸಿದ್ದರು. ಆದರೆ ಫೋರ್ಟ್ರಾನ್‌ನಲ್ಲಿ ಹೆಸರಿನ ಮೊದಲ ಅಕ್ಷರ ನೋಡಿ ಚರಾಂಶವು ಪೂರ್ಣಾಂಕವೋ ದಶಮಾಂಶವೋ ಎಂದು ನಿರ್ಧರಿಸುವಂಥ ನಿಯಮಗಳಿದ್ದವು. ಲೆಕ್ಕ ಕಲಿಯುವ ಮೊದಲೇ ನಿಯಮ ಬಾಯಿಪಾಠ ಮಾಡಬೇಕಿತ್ತು. ಹೊಸ ಭಾಷೆಯೇ ಬೇಕೆಂದು ಕೆಮೆನಿ ಪಟ್ಟುಹಿಡಿದರು. ಹೀಗೆ ಇಬ್ಬರೂ ಸೇರಿ ಬೇಸಿಕ್ ರೂಪಿಸಿದರು. ಪ್ರಿಂಟ್, ಇಫ್, ಎಂಡ್‌ನಂಥ ದಿನಬಳಕೆಯ ಇಂಗ್ಲಿಷ್ ಪದಗಳೇ ಅದರ ಆದೇಶಗಳಾದವು, ಸಂಖ್ಯೆಗಳಲ್ಲಿ ಭೇದವಿರಲಿಲ್ಲ. ಒಂದೇ ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಕಟ್ಟಲು ವಿದ್ಯಾರ್ಥಿಗಳೇ ದುಡಿದರು. 1964ರ ಮೇ 1ರ ಬೆಳಗಿನ ಜಾವ 4 ಗಂಟೆಗೆ ಬೇಸಿಕ್ ಪ್ರೋಗ್ರಾಂಗಳು ಓಡಿದವು.

1970ರಿಂದ 1981ರವರೆಗೆ ಕಾಲೇಜಿನ ಅಧ್ಯಕ್ಷರಾಗಿದ್ದಾಗಲೂ ಕೆಮೆನಿ ತರಗತಿ ಬಿಡಲಿಲ್ಲ. ಅಷ್ಟರಲ್ಲಿ ಬೇಸಿಕ್ ಮನೆಮನೆಯ ಸಣ್ಣ ಗಣಕಗಳಿಗೂ ಹಬ್ಬಿ, ತಾನೇ ಜನಪ್ರಿಯ ಭಾಷೆಯಾಗಿತ್ತು. ಆದರೆ ಒಂದೊಂದು ಕಂಪನಿಯ ಗಣಕದಲ್ಲಿ ಒಂದೊಂದು ರೂಪ. ಸಾಲುಸಂಖ್ಯೆ ಹಿಡಿದು ಅತ್ತಿಂದಿತ್ತ ಜಿಗಿಯುವ ಬರವಣಿಗೆ. ಇದು ಕಲಿಯುವವರ ಯೋಚನೆಯನ್ನೇ ಕೆಡಿಸುತ್ತದೆಂದು ಕಂಡಾಗ, ತಾವು ಹುಟ್ಟಿಸಿದ ಭಾಷೆಯ ಜನಪ್ರಿಯತೆಗೂ ಅವರು ಮಣಿಯಲಿಲ್ಲ. 1980ರ ದಶಕದಲ್ಲಿ ಕರ್ಟ್ಜ್ ಜೊತೆ ಟ್ರೂ ಬೇಸಿಕ್ ತಂದರು. ಈ ಬಾರಿ ಹೊಸದು ಹಳೆಯದರಷ್ಟು ಹಬ್ಬಲಿಲ್ಲ. 1992ರಲ್ಲಿ ಕೆಮೆನಿ ತೀರಿಕೊಂಡರು.

ಒಮ್ಮೆ ಗೆದ್ದರು, ಒಮ್ಮೆ ಗೆಲ್ಲಲಿಲ್ಲ. ಎರಡು ಬಾರಿಯೂ ಅವರ ಅಳತೆಗೋಲು ಕಲಿಯುವವರೇ. ನನ್ನ ಪಾಠ ಯೋಜನೆಯಲ್ಲಿ ಪೈಥಾನ್ ಆರಿಸಲು ಎಲ್ಲರೂ ಅದನ್ನೇ ಬಳಸುತ್ತಾರೆಂಬ ಕಾರಣ ಬರೆದಿದ್ದೆ. ಈಗ ಅದನ್ನು ಹೊಡೆದುಹಾಕಿ, ಮೊದಲ ಅವಧಿಯಲ್ಲೇ ಮಗು ಒಂದು ಸಾಲು ಬರೆದು ಅದರ ಉತ್ತರ ಕಾಣಬಲ್ಲದು ಎಂದು ತಿದ್ದಿದ್ದೇನೆ. ತರಗತಿಯಲ್ಲಿ ಹಾಗಾಗದಿದ್ದರೆ ಭಾಷೆಯನ್ನೇ ಬದಲಿಸಬೇಕಾಗುತ್ತದೆ.